ಕಡಲಿಗೂ ಜ್ವರ ಬರುತ್ತದೆ!

ಕಾರವಾರದ ಕಡಲದಂಡೆಯಲ್ಲಿ ಸಂಜೆ ಹೊತ್ತು ಅಡ್ಡಾಡಿದ್ದೀರಾ? ಚುರುಮುರಿ ತಿಂದ ಕಾಗದ, ದೇವರ ಹೂವು ತುಂಬಿದ ಪ್ಲಾಸ್ಟಿಕ್ ಚೀಲ, ಎಲ್ಲ ನೀರಿಗೇ. ಬೇಡ ಅಂದರೆ ಒಂದೇ ಉತ್ತರ: "ಸಮುದ್ರ ಅಷ್ಟು ದೊಡ್ಡದುಂಟು, ಅದಕ್ಕೆ ಎಂಥದಾಗ್ತದೆ?" ಅಂಕೋಲೆಯ ಮೀನುಪೇಟೆಯಲ್ಲೂ ಇದೇ ಮಾತು. ನಾವೂ ನೀವೂ ಎಂದಾದರೊಮ್ಮೆ ಹೀಗೆ ಅಂದುಕೊಂಡವರೇ, ಅಲ್ಲವೇ?

ಎಂಥದಾಗುತ್ತದೆ ಎಂಬುದನ್ನು ಹವಳ ತೋರಿಸಿಕೊಟ್ಟಿದೆ. ಕರಿಮಣಿಯ ಜೊತೆ ಪೋಣಿಸುವ ಕೆಂಪು ಹವಳವಲ್ಲ. ಅದು ಬೇರೆ ಜಾತಿ. ನಾನು ಹೇಳುವುದು ಕಡಲೊಳಗೆ ದಿಬ್ಬದಂತೆ ಬೆಳೆಯುವ ಹವಳ. ನಮ್ಮ ಜಿಲ್ಲೆಯಲ್ಲೇ, ಮುರ್ಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯ ಸುತ್ತ ಇಂಥ ಹವಳ ಉಂಟು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಪುಟ್ಟ ಪುಟ್ಟ ಜೀವಿಗಳ ಒಕ್ಕಲು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿ, ಬಿಸಿಲಿನಿಂದ ಅನ್ನ ತಯಾರಿಸಿ ಕೊಡುತ್ತದೆ. ಬಣ್ಣವೂ ಬಹುಪಾಲು ಅದರದ್ದೇ.

ನೀರು ಬೇಸಿಗೆಯ ವಾಡಿಕೆಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. ನಮ್ಮದೇ ಅರಬ್ಬೀ ಸಮುದ್ರದ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹವಳ ಹೀಗೆ ಬಿಳಿಚಿತು. ಕಲ್ಲಿದ್ದಲು, ಪೆಟ್ರೋಲು ಉರಿಸಿ ನಾವು ಭೂಮಿಗೆ ಏರಿಸಿದ ಶಾಖದಲ್ಲಿ ನೂರಕ್ಕೆ 90ರಷ್ಟನ್ನು ಕಡಲೇ ನುಂಗಿಕೊಂಡಿದೆ. ಕಡಲಜೀವಿಗಳಲ್ಲಿ ಸುಮಾರು ಕಾಲುಭಾಗ ಜಾತಿಗಳಿಗೆ ಹವಳದ ದಿಬ್ಬವೇ ಆಸರೆ. ಅದು ಹೋದರೆ ಎಷ್ಟೋ ಮೀನುಮರಿಗಳ ತೊಟ್ಟಿಲೇ ಹೋದಂತೆ.

"ನಾನೊಬ್ಬಳು ಚೀಲ ಬಿಟ್ಟರೆ ಕಡಲು ತಣ್ಣಗಾಗ್ತದಾ?" ಎನ್ನಬಹುದು. ಆಗುವುದಿಲ್ಲ, ನಿಜ. ಆದರೆ ಜ್ವರ ಬಂದ ಮಗುವಿಗೆ ಹೊಲಸು ನೀರು ಕುಡಿಸುತ್ತೇವೆಯೇ? ಕೊಳಕು, ಹರಿದ ಬಲೆ, ಲಂಗರಿನ ಪೆಟ್ಟು ಇಲ್ಲದ ಕಡೆ ಬಿಳಿಚಿದ ಹವಳ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ನಮ್ಮ ಕೈಲಾಗುವುದು ಇಷ್ಟಿದೆ:

● ಪೂಜೆಯ ಹೂವನ್ನು ತೆಂಗಿನ ಬುಡಕ್ಕೆ ಹಾಕಿ, ಗೊಬ್ಬರವಾಗುತ್ತದೆ.

● ಮೀನಿಗೆ ಹೋಗುವಾಗ ಮನೆಯಿಂದಲೇ ಪಾತ್ರೆ ಒಯ್ಯಿರಿ. ಬೆರಳುದ್ದದ ಬಂಗಡೆ ಮರಿ ಬೇಡವೆನ್ನಿ.

● ನೇತ್ರಾಣಿಗೆ ಹೊರಟ ಮಕ್ಕಳಿಗೆ ಹವಳ ಮುಟ್ಟಬೇಡಿ, ಮುರಿದು ತರಬೇಡಿ ಎಂದು ಹೇಳಿ. ಅದು ಕಾನೂನಿನ ಪ್ರಕಾರವೂ ಅಪರಾಧ.

● ಬೇಳೆಕಾಳು ನೆನೆಸಿಟ್ಟು, ಮುಚ್ಚಿ ಬೇಯಿಸಿ. ಉರಿಯೂ ಉಳಿತಾಯ, ದುಡ್ಡೂ ಉಳಿತಾಯ.

1930ರಲ್ಲಿ ಇದೇ ಅಂಕೋಲೆ ಕಡಲ ಉಪ್ಪಿಗಾಗಿ ಸತ್ಯಾಗ್ರಹ ಹೂಡಿತು. ಹಿಡಿ ಉಪ್ಪಿನಿಂದ ಏನಾದೀತು ಎಂದವರು ಅಂದೂ ಇದ್ದಿರಬೇಕು! ಇನ್ನು ಮೇಲೆ ಯಾರಾದರೂ "ಸಮುದ್ರಕ್ಕೆ ಎಂಥದಾಗ್ತದೆ?" ಎಂದರೆ, ಹವಳದ ಕಥೆ ಹೇಳುತ್ತೀರಲ್ಲವೇ?