ಸ್ಟಿಯರಿಂಗ್ ಸಡಿಲವಾಯಿತೆ?

ಹಳೆಯ ಕಾರು ಕೊಳ್ಳಲು ಹೋದವರು ಎಂಜಿನ್ ಸದ್ದು ಕೇಳುತ್ತಾರೆ, ಬಣ್ಣ ನೋಡುತ್ತಾರೆ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ವಿಚಾರಿಸುತ್ತಾರೆ. ಮುಂದಿನ ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡುವವರು ವಿರಳ. ಎಂಜಿನ್ ಕೆಟ್ಟರೆ ಕಾರು ರಸ್ತೆಬದಿಯಲ್ಲಿ ನಿಂತೀತು, ಅಷ್ಟೆ. ಚಕ್ರವನ್ನು ತಿರುಗಿಸುವ ಕೀಲು ಕಳಚಿಕೊಂಡರೆ ಓಡುತ್ತಿರುವ ಕಾರು ಚಾಲಕನ ಮಾತನ್ನೇ ಕೇಳುವುದಿಲ್ಲ.

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಊರೂರುಗಳಲ್ಲಿ ಅದು ಇನ್ನೂ ಓಡಾಡುತ್ತಿದೆ. ಅದರ ಸ್ಟಿಯರಿಂಗ್ ವ್ಯವಸ್ಥೆ ಬಲು ಸರಳ. ಸ್ಟಿಯರಿಂಗ್ ದಂಡದ ತುದಿಯಲ್ಲಿ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ. ಅದಕ್ಕೆ ಕಚ್ಚಿಕೊಂಡು ಅಡ್ಡಲಾಗಿ ಮಲಗಿರುವ ಹಲ್ಲುಪಟ್ಟಿಯೇ ರ‍್ಯಾಕ್. ಪಿನಿಯನ್ ತಿರುಗಿದರೆ ರ‍್ಯಾಕ್ ಎಡಕ್ಕೋ ಬಲಕ್ಕೋ ಸರಿಯುತ್ತದೆ. ವೃತ್ತಾಕಾರದ ಚಲನೆ ನೇರ ಚಲನೆಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಶಾಲೆಯ ಪ್ರಯೋಗಶಾಲೆಯಲ್ಲೂ ಸಿಗಲಾರದು. ರ‍್ಯಾಕ್‌ನ ಎರಡೂ ತುದಿಗೆ ಒಂದೊಂದು ಟೈ ರಾಡ್. ಅದರ ಕೊನೆಯಲ್ಲಿ ಚಕ್ರದ ತೋಳಿಗೆ ಸೇರುವ ಕೀಲಿಗೆ ಟೈ ರಾಡ್ ಎಂಡ್ ಎಂದು ಹೆಸರು.

ನಮ್ಮ ಭುಜದ ಕೀಲನ್ನು ನೆನೆದುಕೊಳ್ಳಿ. ಬಟ್ಟಲಿನೊಳಗೆ ಒಂದು ಗುಂಡು. ಚಕ್ರ ಹಳ್ಳ ದಿಣ್ಣೆಗಳಲ್ಲಿ ಏರಿಳಿಯಬೇಕು, ಜೊತೆಗೆ ಪಕ್ಕಕ್ಕೂ ತಿರುಗಬೇಕು. ಗುಂಡು ಕೀಲಲ್ಲದೆ ಬೇರೆ ಯಾವುದೂ ಇಲ್ಲಿ ನಡೆಯದು. ಗುಂಡಿಗೂ ಬಟ್ಟಲಿಗೂ ನಡುವೆ ಗ್ರೀಸ್, ಮೇಲೆ ಒಂದು ರಬ್ಬರ್ ಟೋಪಿ. ಇಡೀ ಕೀಲಿನ ಆಯುಷ್ಯ ಈ ಟೋಪಿಯ ಕೈಯಲ್ಲಿದೆ. ಅದು ಹರಿದರೆ ಧೂಳು, ಮಳೆ ನೀರು ಒಳಹೊಕ್ಕು ಗ್ರೀಸ್ ಜೊತೆ ಬೆರೆತು ಅರೆಯುವ ಹಿಟ್ಟಿನಂತಾಗುತ್ತದೆ. ಗುಂಡು ಸವೆಯುತ್ತದೆ, ಬಟ್ಟಲು ಸಡಿಲವಾಗುತ್ತದೆ. ಗ್ಯಾರೇಜಿನವರು 'ಪ್ಲೇ ಬಂದಿದೆ' ಎನ್ನುವುದು ಇದಕ್ಕೇ.

ಪ್ಲೇ ಬಂದ ಕಾರು ಸುಳಿವು ಕೊಟ್ಟೇ ಕೊಡುತ್ತದೆ. ಸ್ಟಿಯರಿಂಗನ್ನು ತುಸು ತಿರುಗಿಸಿದರೂ ಚಕ್ರ ಕದಲದು. ಕಲ್ಲುರಸ್ತೆಯಲ್ಲಿ ಮುಂಭಾಗದಿಂದ ಕಟಕಟ ಸದ್ದು. ಟೈರಿನ ಒಂದು ಅಂಚು ಮಾತ್ರ ಸವೆದಿರುತ್ತದೆ. ಅಂಗೈಯಿಂದ ಅಡ್ಡಲಾಗಿ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ.

ಪರೀಕ್ಷೆ ಹೀಗೆ. ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಮುಂಚಕ್ರವನ್ನು ಜಾಕ್‌ನಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು. ಬರೀ ಜಾಕ್ ನಂಬಿ ಕಾರಿನಡಿ ತಲೆ ಹಾಕುವುದು ಸಲ್ಲ. ಮಕ್ಕಳಂತೂ ಹಿರಿಯರಿಲ್ಲದೆ ಇದಕ್ಕೆ ಕೈ ಹಾಕಬಾರದು. ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಚಕ್ರ ಹಿಡಿದು ಅಲುಗಾಡಿಸಿ. ಟಕ್ ಎಂದು ಆಡಿದರೆ ಅನುಮಾನ ಟೈ ರಾಡ್ ಕಡೆಗೆ. ಆಗ ಒಬ್ಬರು ಚಕ್ರವನ್ನು ಅಲುಗಿಸುತ್ತಿರಲಿ, ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟರೆ ಸಡಿಲ ಇರುವುದೆಲ್ಲಿ ಎಂಬುದು ಬೆರಳಿಗೇ ತಿಳಿಯುತ್ತದೆ. ಹನ್ನೆರಡು ಮತ್ತು ಆರರ ಜಾಗದಲ್ಲೂ ಆಡಿದರೆ ಮತ್ತೊಬ್ಬರಿಂದ ಬ್ರೇಕ್ ಒತ್ತಿಸಿ ನೋಡಿ. ಅಲುಗಾಟ ನಿಂತರೆ ತಪ್ಪು ಚಕ್ರದ ಬೇರಿಂಗ್‌ನದು. ನಿಲ್ಲದಿದ್ದರೆ ಕೆಳತೋಳಿನ ಬಾಲ್ ಜಾಯಿಂಟ್ ನೋಡಬೇಕು. ಇದಾವುದನ್ನೂ ಮಾಡದೆ 'ಎಲ್ಲ ಬದಲಾಯಿಸಿಬಿಡೋಣ' ಎನ್ನುವ ಮೆಕ್ಯಾನಿಕ್‌ಗೆ ಜೇಬು ಒಪ್ಪಿಸುವ ಅಗತ್ಯವಿಲ್ಲ.

ಬದಲಾಯಿಸುವ ಕೆಲಸದಲ್ಲಿ ಕಷ್ಟ ಒಂದೇ ಕಡೆ. ಸ್ಪ್ಲಿಟ್ ಪಿನ್ ಎಳೆದು ನಟ್ ಬಿಚ್ಚಿದರೂ ಕೀಲು ಜಗ್ಗುವುದಿಲ್ಲ. ಅದರ ಕಾಂಡ ಬೆಣೆಯಂತೆ ತುದಿಯತ್ತ ಕಿರಿದಾಗುತ್ತಾ ಹೋಗಿದ್ದು, ತೋಳಿನ ರಂಧ್ರದಲ್ಲಿ ಘರ್ಷಣೆಯಿಂದ ಬಿಗಿದು ಕೂತಿರುತ್ತದೆ. ಕೆಳಗಿನಿಂದ ಬಡಿದರೆ ಕಾಂಡದ ಥ್ರೆಡ್ ಹಾಳು. ಪುಲ್ಲರ್ ಹಾಕಬೇಕು. ಇಲ್ಲದಿದ್ದರೆ ರಂಧ್ರವಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಚುರುಕಾದ ಪೆಟ್ಟು; ರಂಧ್ರ ಕ್ಷಣಕಾಲ ಅಳ್ಳಕಗೊಂಡು ಕೀಲು ಟಪ್ ಎಂದು ಬಿಡುತ್ತದೆ.

ಹಳೆಯ ಎಂಡನ್ನು ರಾಡಿನಿಂದ ತಿರುಪಿ ತೆಗೆಯುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಬೇಕು. ಹೊಸದನ್ನೂ ಅಷ್ಟೇ ಸುತ್ತು ಕೂರಿಸಬೇಕು. ಒಂದು ಸುತ್ತು ಹೆಚ್ಚು ಕಡಿಮೆಯಾದರೆ ಏನಾದೀತು? ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಒಂದು ಸುತ್ತಿಗೆ ರಾಡಿನ ಉದ್ದ 1.25 ಮಿ.ಮೀ. ಬದಲಾಗುತ್ತದೆ, ಚಕ್ರದ ತೋಳು 125 ಮಿ.ಮೀ. ಉದ್ದವಿದೆ ಎಂದಿಟ್ಟುಕೊಳ್ಳಿ. ಚಕ್ರ ನೂರರಲ್ಲೊಂದು ರೇಡಿಯನ್, ಅಂದರೆ ಅರ್ಧ ಡಿಗ್ರಿಗೂ ತುಸು ಹೆಚ್ಚು ಓರೆಯಾಗುತ್ತದೆ. ಕಣ್ಣಿಗೆ ಕಾಣದ ಈ ಓರೆಯನ್ನು ಒಂದೇ ಚಕ್ರ ಹೊತ್ತರೆ ಅದು ಕಿಲೋಮೀಟರಿಗೆ ಹತ್ತು ಮೀಟರಿನಂತೆ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರ್! ಟೈರು ಬೇಗ ಬೋಳಾಗುವುದರಲ್ಲಿ ಆಶ್ಚರ್ಯವೇನು?

ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕೆಂಬ ಲೆಕ್ಕಾಚಾರವೂ ಇದೇ ತೋಳು ಮತ್ತು ರಾಡುಗಳಲ್ಲಿ ಅಡಗಿದೆ. ಕುದುರೆಗಾಡಿಗಳ ಕಾಲದಲ್ಲಿ, 1817ರಲ್ಲಿ, ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್‌ಸ್ಪೆರ್ಗರ್ ಇದನ್ನು ಕಂಡುಹಿಡಿದ. ಆದರೆ ಇಂಗ್ಲೆಂಡಿನಲ್ಲಿ ಅವನ ಪರವಾಗಿ ಪೇಟೆಂಟ್ ಮಾಡಿಸಿದ ಆಕರ್‌ಮನ್‌ನ ಹೆಸರೇ ಪುಸ್ತಕಗಳಲ್ಲಿ ಉಳಿಯಿತು.

ನಟ್ ಬಿಗಿದ ಮೇಲೆ ಪಿನ್ನಿನ ರಂಧ್ರ ಸರಿಯಾಗಿ ಕೂಡದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಬೇಕೇ ಹೊರತು ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಿರಲಿ. ಸುತ್ತು ಎಣಿಸಿದ್ದು ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಹೋಗುವುದಕ್ಕಷ್ಟೇ. ಅಲ್ಲಿ ಅಳತೆ ಮಾಡಿಸಲೇಬೇಕು. ಅಲ್ಲಿಂದ ಬಂದ ಮೇಲೂ ಕಾರು ನೇರ ಹೋಗುತ್ತಿದ್ದು ಸ್ಟಿಯರಿಂಗ್ ಚಕ್ರ ಮಾತ್ರ ಓರೆಯಾಗಿದ್ದರೆ ಎರಡು ರಾಡುಗಳ ಹೊಂದಾಣಿಕೆ ಸಮನಾಗಿಲ್ಲವೆಂದರ್ಥ. ಒಂದನ್ನು ಕುಗ್ಗಿಸಿದಷ್ಟೇ ಇನ್ನೊಂದನ್ನು ಹಿಗ್ಗಿಸಿ ಸರಿಪಡಿಸಿಕೊಡುವಂತೆ ಅದೇ ಅಂಗಡಿಯಲ್ಲಿ ಕೇಳಬಹುದು.