ಸಂವಿಧಾನ ತಿದ್ದುಪಡಿ ಸಮಾವೇಶ (ಅಮೆರಿಕ ಸಂಯುಕ್ತ ಸಂಸ್ಥಾನ)

ಸಂವಿಧಾನ ತಿದ್ದುಪಡಿ ಸಮಾವೇಶವು ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನಕ್ಕೆ ತಿದ್ದುಪಡಿಗಳನ್ನು ಸೂಚಿಸಲು ಇರುವ ಎರಡು ಮಾರ್ಗಗಳಲ್ಲಿ ಒಂದು. ಸಂವಿಧಾನದ ಐದನೆಯ ವಿಧಿಯಲ್ಲಿ ಇದಕ್ಕೆ ಅವಕಾಶವಿರುವುದರಿಂದ ‘ಐದನೆಯ ವಿಧಿಯ ಸಮಾವೇಶ’ ಎಂದೂ ಕರೆಯುತ್ತಾರೆ. ಮೂರನೇ ಎರಡರಷ್ಟು ರಾಜ್ಯಗಳ (ಈಗಿನ 50ರಲ್ಲಿ 34) ಶಾಸನಸಭೆಗಳು ಮನವಿ ಸಲ್ಲಿಸಿದರೆ, ರಾಷ್ಟ್ರದ ಸಂಸತ್ತಾದ ಕಾಂಗ್ರೆಸ್ ಇಂತಹ ಸಮಾವೇಶವನ್ನು ಕರೆಯಬೇಕು. ಈ ಮಾರ್ಗದಲ್ಲಿ ಇದುವರೆಗೆ ಒಂದು ಸಮಾವೇಶವೂ ನಡೆದಿಲ್ಲ. ಆದರೂ ರಾಜ್ಯಗಳ ಮನವಿಗಳು ಕಾಂಗ್ರೆಸ್ಸಿನ ಮೇಲೆ ಹಲವು ಬಾರಿ ಒತ್ತಡ ತಂದಿವೆ.

ಹಿನ್ನೆಲೆ

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚನೆಯಾಗುತ್ತಿದ್ದಾಗ, ತಿದ್ದುಪಡಿಯ ಅಧಿಕಾರವು ಕಾಂಗ್ರೆಸ್ಸಿನ ಹಿಡಿತದಲ್ಲಿಯೇ ಉಳಿಯುವುದನ್ನು ವರ್ಜೀನಿಯಾದ ಪ್ರತಿನಿಧಿ ಜಾರ್ಜ್ ಮೇಸನ್ ಆಕ್ಷೇಪಿಸಿದರು. ಸರ್ಕಾರವೇ ದಬ್ಬಾಳಿಕೆಗೆ ಇಳಿದರೆ ಜನರಿಗೆ ಅಗತ್ಯವಾದ ತಿದ್ದುಪಡಿ ದೊರೆಯಲಾರದು ಎಂಬುದು ಅವರ ವಾದವಾಗಿತ್ತು. ಇದರ ಫಲವಾಗಿ ರಾಜ್ಯಗಳ ಮನವಿಯ ಮೇರೆಗೆ ಸಮಾವೇಶ ಕರೆಯುವ ಮಾರ್ಗವನ್ನು ಕರಡಿಗೆ ಸೇರಿಸಲಾಯಿತು.

ವಿಧಾನ

ತಿದ್ದುಪಡಿಯು ಸೂಚನೆ ಮತ್ತು ಅನುಮೋದನೆ ಎಂಬ ಎರಡು ಹಂತಗಳಲ್ಲಿ ನಡೆಯುತ್ತದೆ. ಸೂಚನೆಯು ಕಾಂಗ್ರೆಸ್ಸಿನ ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತದಿಂದ ಅಥವಾ ಸಮಾವೇಶದಿಂದ ಬರಬಹುದು. ಯಾವ ಮಾರ್ಗದಿಂದ ಬಂದರೂ ನಾಲ್ಕನೇ ಮೂರರಷ್ಟು, ಅಂದರೆ 38 ರಾಜ್ಯಗಳು ಅನುಮೋದಿಸಿದ ಬಳಿಕವೇ ಅದು ಜಾರಿಗೆ ಬರುತ್ತದೆ. ಈವರೆಗಿನ 27 ತಿದ್ದುಪಡಿಗಳನ್ನೂ ಕಾಂಗ್ರೆಸ್ಸೇ ಸೂಚಿಸಿದೆ.

ಪ್ರಮುಖ ಪ್ರಯತ್ನಗಳು

* ಹಕ್ಕುಗಳ ಮಸೂದೆ: ಸಮಾವೇಶ ಕರೆಯುವಂತೆ ವರ್ಜೀನಿಯಾ 1788ರಲ್ಲಿ ಹಾಗೂ ನ್ಯೂಯಾರ್ಕ್ 1789ರಲ್ಲಿ ಕೋರಿದವು. 1789ರಲ್ಲಿ ಕಾಂಗ್ರೆಸ್ಸೇ ತಿದ್ದುಪಡಿಗಳನ್ನು ರಾಜ್ಯಗಳಿಗೆ ಕಳುಹಿಸಿತು. ಅವುಗಳಲ್ಲಿ ಹತ್ತು 1791ರಲ್ಲಿ ಅಂಗೀಕೃತವಾದವು.
* ಸೆನೆಟ್ ಚುನಾವಣೆ: ಸೆನೆಟ್ ಸದಸ್ಯರನ್ನು ಮೊದಲು ರಾಜ್ಯಗಳ ಶಾಸನಸಭೆಗಳು ಆರಿಸುತ್ತಿದ್ದವು. ಜನರೇ ನೇರವಾಗಿ ಆರಿಸಬೇಕೆಂಬ ಬೇಡಿಕೆಯನ್ನು ಸೆನೆಟ್ ಬಹುಕಾಲ ತಡೆದಾಗ ಅನೇಕ ರಾಜ್ಯಗಳು ಸಮಾವೇಶಕ್ಕಾಗಿ ಮನವಿ ಮಾಡಿದವು. 1912ರಲ್ಲಿ ಕಾಂಗ್ರೆಸ್ ಮಣಿಯಿತು. 1913ರಲ್ಲಿ 17ನೆಯ ತಿದ್ದುಪಡಿ ಜಾರಿಗೆ ಬಂದಿತು.
* ಕ್ಷೇತ್ರ ಹಂಚಿಕೆ: ರಾಜ್ಯ ಶಾಸನಸಭೆಗಳ ಎರಡೂ ಸದನಗಳ ಕ್ಷೇತ್ರಗಳು ಜನಸಂಖ್ಯೆಯನ್ನು ಆಧರಿಸಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ತೀರ್ಪು ನೀಡಿತು. ಇದನ್ನು ವಿರೋಧಿಸಿ ಸೆನೆಟ್ ಸದಸ್ಯ ಎವರೆಟ್ ಡರ್ಕ್ಸೆನ್ ಚಳವಳಿ ನಡೆಸಿದರು. 1969ರ ವೇಳೆಗೆ 33 ರಾಜ್ಯಗಳು ಮನವಿ ಸಲ್ಲಿಸಿದ್ದವು. ಅದೇ ವರ್ಷ ಡರ್ಕ್ಸೆನ್ ನಿಧನರಾದ ಬಳಿಕ ಪ್ರಯತ್ನ ಕುಂದಿತು.
* ಸಮತೋಲಿತ ಆಯವ್ಯಯ: ಕೇಂದ್ರ ಸರ್ಕಾರದ ಖರ್ಚು ಆದಾಯವನ್ನು ಮೀರಬಾರದೆಂಬ ತಿದ್ದುಪಡಿಗಾಗಿ 1983ರ ವೇಳೆಗೆ 32 ರಾಜ್ಯಗಳು ಮನವಿ ಮಾಡಿದ್ದವು. ಮುಂದೆ ಹಲವು ರಾಜ್ಯಗಳು ತಮ್ಮ ಮನವಿಗಳನ್ನು ಹಿಂಪಡೆದವು.

ಇತ್ತೀಚೆಗೆ ಭಿನ್ನ ರಾಜಕೀಯ ನಿಲುವಿನವರೂ ಈ ಮಾರ್ಗವನ್ನು ಬಯಸಿದ್ದಾರೆ. ಕೇಂದ್ರದ ಅಧಿಕಾರವನ್ನು ಮಿತಿಗೊಳಿಸಲು ಜಾರ್ಜಿಯಾ 2014ರಲ್ಲಿ ಮನವಿ ಮಾಡಿದರೆ, ಬಂದೂಕು ನಿಯಂತ್ರಣಕ್ಕಾಗಿ ಕ್ಯಾಲಿಫೋರ್ನಿಯಾ 2023ರಲ್ಲಿ ಮನವಿ ಸಲ್ಲಿಸಿತು.

ವಿವಾದಗಳು

ಐದನೆಯ ವಿಧಿಯು ಸಮಾವೇಶದ ಕಾರ್ಯವಿಧಾನವನ್ನು ವಿವರಿಸುವುದಿಲ್ಲ. ಪ್ರತಿನಿಧಿಗಳ ಆಯ್ಕೆ ಹೇಗೆ, ಪ್ರತಿ ರಾಜ್ಯಕ್ಕೂ ಒಂದೇ ಮತವೋ ಜನಸಂಖ್ಯೆಗೆ ತಕ್ಕ ಮತವೋ, ಬೇರೆ ಬೇರೆ ವಿಷಯಗಳ ಮನವಿಗಳನ್ನು ಒಟ್ಟಿಗೆ ಎಣಿಸಬಹುದೇ, ಹಳೆಯ ಮನವಿಗಳು ಊರ್ಜಿತವೇ ಎಂಬ ಪ್ರಶ್ನೆಗಳು ಇತ್ಯರ್ಥವಾಗಿಲ್ಲ. ನಿಯಮಗಳನ್ನು ರೂಪಿಸುವ ಮಸೂದೆಯನ್ನು ಸೆನೆಟ್ 1971ರಲ್ಲಿ ಅಂಗೀಕರಿಸಿದರೂ ಅದು ಕಾನೂನಾಗಲಿಲ್ಲ.

ಸಮಾವೇಶವು ನಿಗದಿತ ವಿಷಯವನ್ನು ಮೀರಿ ಸಂವಿಧಾನವನ್ನೇ ಬದಲಿಸಬಹುದೆಂಬುದು ವಿರೋಧಿಗಳ ಮುಖ್ಯ ಆತಂಕ. ಒಕ್ಕೂಟದ ಹಿಂದಿನ ಶಾಸನವನ್ನು ಪರಿಷ್ಕರಿಸಲು ಸೇರಿದ 1787ರ ಸಭೆಯೇ ಹೊಸ ಸಂವಿಧಾನವನ್ನು ರಚಿಸಿತೆಂಬುದನ್ನು ಅವರು ಉದಾಹರಿಸುತ್ತಾರೆ. ಸಮಾವೇಶಕ್ಕೆ ಸೂಚಿಸುವ ಅಧಿಕಾರ ಮಾತ್ರವಿದೆ, 13 ರಾಜ್ಯಗಳು ಒಪ್ಪದಿದ್ದರೆ ಯಾವ ತಿದ್ದುಪಡಿಯೂ ಬಿದ್ದುಹೋಗುತ್ತದೆ ಎಂಬುದು ಬೆಂಬಲಿಗರ ಉತ್ತರ.