ಹೊಸ ಶಾಲಾ ವರ್ಷದ ಮೊದಲ ವಾರಗಳು: ಒಂದರಿಂದ ಮೂರನೆಯ ತರಗತಿಯ ಶಿಕ್ಷಕರಿಗೂ ಪೋಷಕರಿಗೂ ಮಾಹಿತಿ

ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಮೇ ತಿಂಗಳ ಕೊನೆಯಲ್ಲಿ ಇಲ್ಲವೆ ಜೂನ್ ತಿಂಗಳ ಆರಂಭದಲ್ಲಿ ಪುನರಾರಂಭಗೊಳ್ಳುತ್ತವೆ. ಪ್ರಾರಂಭೋತ್ಸವದ ದಿನ ಬಾಗಿಲಿಗೆ ತಳಿರು ತೋರಣ ಕಟ್ಟಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಳ್ಳುವ ಪದ್ಧತಿ ಅನೇಕ ಶಾಲೆಗಳಲ್ಲಿದೆ. ಅದು ಸ್ವಾಗತಾರ್ಹವೇ. ಆದರೆ ತೋರಣ ಬಾಡಿದ ಮೇಲೂ ಮಗು ಶಾಲೆಗೆ ಬರುವುದೇ ಎಂಬುದು ಮುಖ್ಯ. ಹೊಸದಾಗಿ ದಾಖಲಾದ ಮಗು ಮೊದಲ ವಾರಗಳಲ್ಲಿ ಒಂದು ಮಾತನ್ನೂ ಆಡದೆ, ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿ ಕುಳಿತಿದ್ದಲ್ಲಿ, ಕ್ರಮೇಣ ಅದರ ಗೈರುಹಾಜರಿ ಹೆಚ್ಚುತ್ತದೆ. ಆದುದರಿಂದ ಈ ಅವಧಿಯಲ್ಲಿ ಪಠ್ಯಪುಸ್ತಕದ ಪಾಠಗಳನ್ನು ಆರಂಭಿಸುವುದಕ್ಕಿಂತ, ಪ್ರತಿಯೊಂದು ಮಗುವಿಗೆ ಈಗಾಗಲೇ ಏನು ತಿಳಿದಿದೆ ಎಂಬುದನ್ನು ಅರಿಯುವುದು ಶಿಕ್ಷಕರ ಮೊದಲ ಕಾರ್ಯವಾಗಿರುತ್ತದೆ.

ಇದನ್ನು ಹೆಸರಿನಿಂದ ಆರಂಭಿಸುವುದು ಸುಲಭ. ಹಳೆಯ ರಟ್ಟನ್ನು ಅಂಗೈ ಉದ್ದದ ಪಟ್ಟಿಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ದಾಖಲಾತಿ ವಹಿಯಲ್ಲಿರುವ ಹೆಸರಿನ ಜೊತೆಗೆ ಮನೆಯಲ್ಲಿ ಕರೆಯುವ ಹೆಸರನ್ನೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ವಹಿಯ ಹೆಸರನ್ನು ಶಾಲೆಯಲ್ಲಿಯೇ ಮೊದಲ ಬಾರಿಗೆ ಕೇಳುವ ಮಕ್ಕಳಿದ್ದಾರೆ. ಹಾಜರಿ ಕರೆದಾಗ ಅವರು ಉತ್ತರ ಕೊಡದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಪ್ರತಿದಿನ ಬೆಳಿಗ್ಗೆ ಮಗು ತನ್ನ ಪಟ್ಟಿಯನ್ನು ತಾನೇ ಹುಡುಕಿ, ಗೋಡೆಯ ದಾರಕ್ಕೆ ಸಿಕ್ಕಿಸಲಿ. ಕೆಳಗೆ ಉಳಿದ ಪಟ್ಟಿಗಳನ್ನು ಮಕ್ಕಳೇ ಎಣಿಸಿ, ಇಂದು ಎಷ್ಟು ಮಂದಿ ಬಂದಿಲ್ಲ, ಯಾರು ಬಂದಿಲ್ಲ ಎಂದು ಹೇಳಲಿ. ಇದರಿಂದ ಹಾಜರಿ, ಓದು ಮತ್ತು ಲೆಕ್ಕ ಮೂರೂ ಹತ್ತು ನಿಮಿಷಗಳಲ್ಲಿ ಆಗುತ್ತವೆ. ಬಾರದಿರುವ ಮಗುವಿನ ನೆನಪೂ ಇಡೀ ತರಗತಿಗೆ ಆಗುತ್ತದೆ. ಸತತ ಮೂರು ದಿನ ಒಂದೇ ಪಟ್ಟಿ ಕೆಳಗೆ ಉಳಿದಲ್ಲಿ, ಪಕ್ಕದ ಮನೆಯ ಮಗುವಿನ ಮೂಲಕವಾದರೂ ವಿಚಾರಿಸತಕ್ಕದ್ದು.

ಸೇತುಬಂಧ: ಪರೀಕ್ಷೆ ಎನ್ನಿಸದ ಪರೀಕ್ಷೆ

ಎರಡನೆಯ ಮತ್ತು ಮೂರನೆಯ ತರಗತಿಗಳಲ್ಲಿ ಹಿಂದಿನ ವರ್ಷದ ಕಲಿಕೆಯನ್ನು ಹೊಸ ವರ್ಷದ ಕಲಿಕೆಗೆ ಜೋಡಿಸಲು ಸೇತುಬಂಧ ಕಾರ್ಯಕ್ರಮವನ್ನು ನಡೆಸಲಾಗುತ್ತದೆ. ಪೂರ್ವ ಪರೀಕ್ಷೆ, ಕೊರತೆಯಿರುವ ಅಂಶಗಳ ಬೋಧನೆ, ಸಾಫಲ್ಯ ಪರೀಕ್ಷೆ ಎಂಬುದು ಇದರ ಕ್ರಮ. ಚಿಕ್ಕ ಮಕ್ಕಳಿಗೆ ಪ್ರಶ್ನೆಪತ್ರಿಕೆಗಿಂತ ಒಂದು ಬೊಗಸೆ ಹುಣಸೆ ಬೀಜವೇ ಹೆಚ್ಚು ಉಪಯುಕ್ತ. ಐವತ್ತರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ ಹನ್ನೆರಡು ಬೀಜ ಕೊಡು ಎಂದಾಗ ಹದಿನೈದು ಕೊಡಬಹುದು. ಬಾಯಿಪಾಠ ಬಾರದ ಇನ್ನೊಂದು ಮಗು, ಅಂಗಡಿಗೆ ಹೋಗಿ ಬಂದ ಅಭ್ಯಾಸದಿಂದ, ಇಪ್ಪತ್ತು ರೂಪಾಯಿಗೆ ಎಷ್ಟು ಚಿಲ್ಲರೆ ಬರಬೇಕೆಂದು ಸರಿಯಾಗಿ ಹೇಳಬಹುದು. ಲಿಖಿತ ಪರೀಕ್ಷೆಯಲ್ಲಿ ಈ ಎರಡೂ ಮರೆಯಾಗುತ್ತವೆ. ದಿನಕ್ಕೆ ಐದಾರು ಮಕ್ಕಳಂತೆ ಕರೆದು, ಕಂಡದ್ದನ್ನು ಒಂದು ಪುಸ್ತಕದಲ್ಲಿ ಎರಡೆರಡು ಸಾಲಿನಂತೆ ಬರೆದಿಟ್ಟುಕೊಂಡಲ್ಲಿ, ಮೂವತ್ತು ಮಕ್ಕಳ ತರಗತಿಗೆ ಒಂದು ವಾರ ಸಾಕಾಗುತ್ತದೆ. ಫಲಿತಾಂಶವನ್ನು ಮಕ್ಕಳ ಎದುರಿಗೆ ಓದಿ ಹೇಳುವುದು ಸರಿಯಲ್ಲ.

ಅ, ಆ, ಇ, ಈ ಏಕೆ ಮೊದಲು ಬರುವುದಿಲ್ಲ?

ಪೋಷಕರು ಅನೇಕ ಬಾರಿ ಕೇಳುವ ಪ್ರಶ್ನೆ ಇದು. ನಲಿ-ಕಲಿ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ಕಂಡು ಬಂದ ಶಿಕ್ಷಕರ ಪ್ರಯತ್ನದಿಂದ, ಯುನಿಸೆಫ್ ನೆರವಿನೊಂದಿಗೆ ಆರಂಭವಾಯಿತು. 2009-10ನೇ ಸಾಲಿನಿಂದ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಲಾಯಿತು. ಈ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು, ಬರೆಯಲು ಸುಲಭವಾದ ಮತ್ತು ಕೂಡಲೇ ಪದವಾಗುವ ಅಕ್ಷರಗಳನ್ನು ಮೊದಲು ಕಲಿಸಲಾಗುತ್ತದೆ: ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ವರ್ಣಮಾಲೆಯ ಕ್ರಮದಲ್ಲಿ ಮೊದಲ ಐದು ಅಕ್ಷರಗಳನ್ನು ಕಲಿತ ಮಗುವಿಗೆ ಓದಲು ಪದಗಳು ಇಲ್ಲವೆಂದೇ ಹೇಳಬೇಕು. ಮನೆಯಲ್ಲಿ ವರ್ಣಮಾಲೆ ಹೇಳಿಕೊಟ್ಟರೆ ತೊಂದರೆಯೇನೂ ಇಲ್ಲ. ಶಾಲೆಯಲ್ಲಿ ಅದನ್ನು ಕಲಿಸಿಲ್ಲವೆಂದು ಮಗುವನ್ನು ಗದರಿಸುವುದು ಬೇಡ.

ಈ ತರಗತಿಗಳಲ್ಲಿ ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆ ಎಟುಕುವಂತೆ ಕಪ್ಪು ಹಲಗೆ ಇರುತ್ತದೆ. ಮೊದಲ ದಿನವೇ ಪ್ರತಿ ಮಗುವಿಗೂ ಅದರಲ್ಲಿ ಒಂದೊಂದು ಭಾಗವನ್ನು ಗೆರೆ ಎಳೆದು ಕೊಟ್ಟು, ಮೇಲೆ ಹೆಸರು ಬರೆಯಬೇಕು. ಮೊದಲ ವಾರ ಅಲ್ಲಿ ಏನು ಗೀಚಿದರೂ ಅಳಿಸುವ ಅವಸರ ಬೇಡ.

ಮನೆಮಾತು ಬೇರೆಯಾಗಿರುವ ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಲಂಬಾಣಿ ತಾಂಡಾಗಳ, ಜೇನುಕುರುಬ ಹಾಡಿಗಳ ಮಕ್ಕಳು, ತುಳು, ಕೊಂಕಣಿ, ಉರ್ದು, ತೆಲುಗು ಮಾತನಾಡುವ ಮನೆಗಳ ಮಕ್ಕಳು ಕನ್ನಡ ತರಗತಿಯಲ್ಲಿ ಮೌನವಾಗಿದ್ದಲ್ಲಿ ಅದನ್ನು ದಡ್ಡತನವೆಂದು ಭಾವಿಸಬಾರದು. ಶಿಕ್ಷಕರು ಅದೇ ಮಾತು ಬಲ್ಲ ಹಿರಿಯ ತರಗತಿಯ ವಿದ್ಯಾರ್ಥಿಯ ಸಹಾಯದಿಂದ ನೀರು, ಹಸಿವು, ಹೊಟ್ಟೆನೋವು, ಶೌಚಾಲಯ, ಭಯ, ಅಮ್ಮ ಮೊದಲಾದ ಇಪ್ಪತ್ತು ಪದಗಳನ್ನು ಬರೆದಿಟ್ಟುಕೊಳ್ಳಬಹುದು. ಶಿಕ್ಷಕರು ಆ ಪದಗಳನ್ನು ತಪ್ಪಾಗಿ ಉಚ್ಚರಿಸಿದಾಗ ಮಗು ನಕ್ಕು ತಿದ್ದಿದರೆ, ಅಂದು ಅದು ತರಗತಿಯಲ್ಲಿ ಬಾಯಿ ಬಿಟ್ಟಿತೆಂದೇ ಅರ್ಥ. ಮಗುವನ್ನು ಭಯಮುಕ್ತವಾಗಿಡುವುದು, ಸಾಧ್ಯವಿದ್ದಷ್ಟು ಮಾತೃಭಾಷೆಯಲ್ಲಿ ಕಲಿಸುವುದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಪ್ರಕರಣದಲ್ಲಿಯೇ ಹೇಳಿರುವ ವಿಷಯ. 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ತಡವಾಗಿ ಬರುವ ಮಕ್ಕಳು

ಕೂಲಿಗಾಗಿ ಊರು ಬಿಟ್ಟು ಹೋದ ಕುಟುಂಬಗಳ ಮಕ್ಕಳು ಜೂನ್ ಕಳೆದ ಮೇಲೆ ಶಾಲೆಗೆ ಬರುವುದುಂಟು. ಪ್ರವೇಶದ ಅವಧಿ ಮುಗಿಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲವೆಂದಾಗಲಿ ಮಗುವನ್ನು ಹಿಂದಕ್ಕೆ ಕಳುಹಿಸಲು ಇದೇ ಕಾಯ್ದೆಯ 14 ಮತ್ತು 5ನೇ ಪ್ರಕರಣಗಳು ಅವಕಾಶ ನೀಡುವುದಿಲ್ಲ. ಪೋಷಕರು ದಾಖಲೆಗಳಿಗಾಗಿ ಕಾಯದೆ ಮಗುವನ್ನು ಮೊದಲು ಶಾಲೆಗೆ ಕರೆತರಬೇಕೆಂದು ಕೋರಲಾಗಿದೆ. ದಾಖಲೆಗಳನ್ನು ನಂತರ ಒದಗಿಸಬಹುದು. ಶಿಕ್ಷಕರು ಇಂತಹ ಮಕ್ಕಳಿಗಾಗಿ ಕೆಲವು ಹೆಸರಿನ ಪಟ್ಟಿಗಳನ್ನು ಖಾಲಿ ಇಟ್ಟುಕೊಂಡಿದ್ದು, ಬಂದ ದಿನವೇ ಹೆಸರು ಬರೆದು ಮಗುವಿನ ಕೈಗೆ ಕೊಡಬೇಕು.

ಪ್ರವೇಶದ ಸಮಯದಲ್ಲಿ ತೊಂದರೆಯಾದಲ್ಲಿ ಪೋಷಕರು ಮೊದಲು ಮುಖ್ಯ ಶಿಕ್ಷಕರನ್ನು, ನಂತರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಕಾಣಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಸಲ್ಲಿಸಿ, ಸ್ವೀಕೃತಿ ಪಡೆಯಬಹುದು.